ಲೆಕ್ಕದ ಪುಸ್ತಕಕ್ಕೆ ಸಿಗದ ಕೈಗಳು

ಬಕ್ರೀದಿನ ದಿನ ನಮ್ಮ ಮನೆಯಲ್ಲಿ ಎಲ್ಲರಿಗೂ ಮಾಂಸ ಹಂಚುವ ಗಡಿಬಿಡಿಯಾದರೆ ದಾದಿಗೆ ಮಾತ್ರ ಚರ್ಮದ ಚಿಂತೆ. ಬಿಸಿಲೇರುವ ಮೊದಲೇ ಒಳಮೈಗೆ ಕಲ್ಲುಪ್ಪು ತಿಕ್ಕಿ, ಮಡಿಸಿ ನೆರಳಿಗಿಡಬೇಕು. ತಡವಾಯಿತೋ, ಮದ್ರಸಾದ ಹುಡುಗರು ಒಯ್ಯಲು ಬರುವ ಹೊತ್ತಿಗೆ ನಾತ ಹಿಡಿದು ಕೂದಲು ಕೈಗೆ ಬರುತ್ತಿತ್ತು. ಸುಲಿದ ಗಳಿಗೆಯಿಂದಲೇ ಚರ್ಮ ಕೆಡಲು ಸುರುವಾಗುತ್ತದೆ ಎಂಬುದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ, ಅವಳ ಬೈಗುಳದಿಂದ. ಕೆನಡಾದ ತುಪ್ಪುಳು ವ್ಯಾಪಾರದ ಚರಿತ್ರೆ ಓದುವಾಗ ಅದೇ ಬೈಗುಳ ಮತ್ತೆ ಮತ್ತೆ ನೆನಪಾಯಿತು.

ಆ ವ್ಯಾಪಾರದ ಮೂಲ ಒಂದು ಟೋಪಿ. ಹದಿನಾರನೆಯ ಶತಮಾನದ ಕೊನೆಯಿಂದ ಹತ್ತೊಂಬತ್ತನೆಯ ಶತಮಾನದ ಮಧ್ಯದವರೆಗೂ ಯುರೋಪಿನ ಉಳ್ಳವರು ಬೀವರ್ ಟೋಪಿ ಧರಿಸುತ್ತಿದ್ದರು. ಬೀವರ್ ಎಂದರೆ ಮರ ಕಡಿದು ಹೊಳೆಗೆ ಕಟ್ಟೆ ಕಟ್ಟುವ ದಂಶಕ ಪ್ರಾಣಿ. ಅದರ ಮೈಮೇಲೆ ಎರಡು ಬಗೆಯ ಕೂದಲು: ಮೇಲೆ ಉದ್ದನೆಯ ಒರಟು ಕೂದಲು, ಅಡಿಯಲ್ಲಿ ಒತ್ತಾದ ನವಿರು ತುಪ್ಪುಳು. ಈ ತುಪ್ಪುಳನ್ನು ಬಿಸಿನೀರಿನಲ್ಲಿ ಅದುಮಿ, ಉರ್ದುವಿನಲ್ಲಿ ನಮದಾ ಎನ್ನುತ್ತೇವಲ್ಲ, ಹಾಗೆ ಹೆಪ್ಪುಗಟ್ಟಿಸಿ ಟೋಪಿ ಮಾಡುತ್ತಿದ್ದರು. ಯುರೋಪಿನಲ್ಲಿ ಬೀವರ್ ಬಹುಮಟ್ಟಿಗೆ ಬರಿದಾದಾಗ ವ್ಯಾಪಾರಿಗಳ ಕಣ್ಣು ಉತ್ತರ ಅಮೆರಿಕದ ಮೇಲೆ ಬಿತ್ತು. 1670ರಲ್ಲಿ ಇಂಗ್ಲೆಂಡಿನ ದೊರೆ ಎರಡನೆಯ ಚಾರ್ಲ್ಸ್ ಹಡ್ಸನ್ಸ್ ಬೇ ಕಂಪೆನಿಗೆ ಸನದು ಬರೆದುಕೊಟ್ಟ. ಆ ನೆಲ ಕೊಡಲು ಅವನದೇ ಆಗಿತ್ತೇ ಎಂದು ಅಲ್ಲಿನ ಜನರನ್ನು ಯಾರೂ ಕೇಳಲಿಲ್ಲ. ಕಂಪೆನಿ ಸರಕಾರದ ಕತೆ ನಮಗೇನೂ ಹೊಸದಲ್ಲವಲ್ಲ.

ಬೇಟೆಯ ಹಂಗಾಮು ಚಳಿಗಾಲ. ಚಳಿ ಹೆಚ್ಚಿದಷ್ಟೂ ತುಪ್ಪುಳು ದಟ್ಟ. ಬೇಸಿಗೆಯ ಚರ್ಮಕ್ಕೆ ಕಿಮ್ಮತ್ತಿಲ್ಲ. ಗಂಡಸರು ಹೆಪ್ಪುಗಟ್ಟಿದ ನೀರಿನ ಮೇಲೆ ಕಬ್ಬಿಣದ ಉಳಿಯಿಂದ ಹಿಮ ಒಡೆದು ಬೀವರ್‌ನ ಗೂಡಿಗೆ ಕೈಹಾಕುತ್ತಿದ್ದರು. ಮಾರ್ಟನ್‌ನಂಥ ಸಣ್ಣ ಪ್ರಾಣಿಗಳಿಗೆ ಹೆಂಗಸರೂ ಬೋನು ಹೂಡುತ್ತಿದ್ದರು. ಆದರೆ ಪ್ರಾಣಿ ಬಿಡಾರಕ್ಕೆ ಬಂದ ಮೇಲಿನ ಕೆಲಸವೆಲ್ಲ ಬಹುತೇಕ ಹೆಂಗಸರದೇ. ಬೀವರನ್ನು ಹೊಟ್ಟೆಯುದ್ದಕ್ಕೂ ಸೀಳಿ ಚರ್ಮ ಬಿಡಿಸಬೇಕು. ಎಲುಬಿನ ಹೆರೆಮಣೆಯಿಂದ ಒಳಗಿನ ಕೊಬ್ಬು, ಮಾಂಸ ಹೆರೆಯಬೇಕು. ಸ್ವಲ್ಪ ಉಳಿದರೂ ಕೊಬ್ಬು ಕಮಟಿ ಚರ್ಮ ತಿನ್ನುತ್ತದೆ. ಕೈ ಭಾರವಾಗಿ ತೂತು ಬಿದ್ದರೆ ಬೆಲೆ ಇಳಿಯುತ್ತದೆ. ಆಮೇಲೆ ವಿಲೋ ಕೊಂಬೆಯನ್ನು ಬಳೆಯಂತೆ ಬಗ್ಗಿಸಿ, ಅದರೊಳಗೆ ಚರ್ಮವನ್ನು ಸುತ್ತಲೂ ದಾರ ಪೋಣಿಸಿ ತಮಟೆಯಂತೆ ಬಿಗಿಯುವುದು. ಮಾರ್ಟನ್, ನೀರುನಾಯಿಗಳದು ಬೇರೆ ಕ್ರಮ: ಕಾಲುಚೀಲ ಕಳಚಿದಂತೆ ಇಡಿಯಾಗಿ ಎಳೆದು ಹಲಗೆಗೆ ತೊಡಿಸುತ್ತಿದ್ದರು. ಇಲ್ಲಿ ಉಪ್ಪಿಲ್ಲ, ತಣ್ಣನೆಯ ಒಣಗಾಳಿಯೇ ಉಪ್ಪಿನ ಕೆಲಸ ಮಾಡುತ್ತದೆ. ಬೇಗ ಒಣಗಲೆಂದು ಬೆಂಕಿಯ ಹತ್ತಿರ ಇಟ್ಟರೆ ಚರ್ಮ ಸುಟ್ಟಂತಾಗಿ ಸೆಡೆದು ಒಡೆಯುತ್ತದೆ. ಇಷ್ಟೆಲ್ಲ ಆದದ್ದು ಹಿಮದ ನಡುವಿನ ಬಿಡಾರದಲ್ಲಿ, ಮಕ್ಕಳನ್ನು ನೋಡಿಕೊಂಡು, ಅಡುಗೆ ಮಾಡಿಕೊಂಡು.

ಇದಕ್ಕಿಂತಲೂ ಬೆಲೆಬಾಳುವ ಇನ್ನೊಂದು ಸರಕಿತ್ತು. ಹೆಂಗಸರು ಚರ್ಮದ ಒಳಮೈಗೆ ಪ್ರಾಣಿಗಳ ಮಜ್ಜೆ ತಿಕ್ಕಿ, ಚೌಕಾಗಿ ಕತ್ತರಿಸಿ, ಐದರಿಂದ ಎಂಟು ಚರ್ಮಗಳನ್ನು ನರದ ದಾರದಿಂದ ಹೊಲಿದು ಹೊದಿಕೆ ಮಾಡುತ್ತಿದ್ದರು. ತುಪ್ಪುಳು ಮೈಗೆ ತಾಗುವಂತೆ ವರ್ಷಕ್ಕೂ ಮಿಕ್ಕಿ ತೊಟ್ಟರೆ ಬೆವರು, ಜಿಡ್ಡು, ತಿಕ್ಕಾಟಕ್ಕೆ ಒರಟು ಕೂದಲು ತಾನಾಗಿ ಉದುರಿ ನವಿರು ಮಾತ್ರ ಉಳಿಯುತ್ತಿತ್ತು. ಟೋಪಿಗಾರರಿಗೆ ಬೇಕಾದದ್ದು ಅದೇ. ತೊಟ್ಟು ಸವೆದ ಬಟ್ಟೆಗೆ ಹೊಸದಕ್ಕಿಂತ ಹೆಚ್ಚು ಬೆಲೆ! ಫ್ರೆಂಚರು ಈ ಜಿಡ್ಡಿನ ಚರ್ಮವನ್ನು ಬೇಕಾದ್ದಕ್ಕಿಂತ ಹೆಚ್ಚು ಕೊಂಡು ಉಗ್ರಾಣ ತುಂಬಿಸಿಕೊಂಡು, ಕೊಳ್ಳುವವರಿಲ್ಲದೆ ಕಂಗೆಟ್ಟರು. 1696ರಲ್ಲಿ ಹದಿನಾಲ್ಕನೆಯ ಲೂಯಿ ಪಶ್ಚಿಮದ ಬಹುತೇಕ ಠಾಣ್ಯಗಳನ್ನೇ ಮುಚ್ಚಲು ಆಜ್ಞೆ ಮಾಡಬೇಕಾಯಿತು.

ಇಂಗ್ಲಿಷ್ ಕಂಪೆನಿ ನಾಣ್ಯದ ಬದಲು 'ಮೇಡ್ ಬೀವರ್' ಎಂಬ ಮಾನದಲ್ಲಿ ಲೆಕ್ಕ ಇಟ್ಟಿತು. ಚಳಿಗಾಲದ ಒಂದು ಒಳ್ಳೆಯ, ಹದಗೊಂಡ ಬೀವರ್ ಚರ್ಮವೇ ಒಂದು ಮಾನ. ಕೊಡಲಿ, ಕಂಬಳಿ, ಮದ್ದು, ಬಂದೂಕು ಎಲ್ಲಕ್ಕೂ ಬೆಲೆ ಅದರಲ್ಲೇ. (ಬಂದೂಕಿನೆತ್ತರ ಚರ್ಮ ಪೇರಿಸಿದರೆ ಬಂದೂಕು ಕೊಡುತ್ತಿದ್ದರು ಎಂಬುದು ಜನಪ್ರಿಯ ಕತೆ, ಚರಿತ್ರೆಕಾರರು ಒಪ್ಪುವುದಿಲ್ಲ.) ಗಮನಿಸಿ, ಸತ್ತ ಬೀವರ್ ನಾಣ್ಯವಲ್ಲ; ಹೆರೆದು, ಬಿಗಿದು, ಒಣಗಿಸಿದ ಚರ್ಮ ನಾಣ್ಯ. ಪ್ರಾಣಿಯನ್ನು ಹಣವಾಗಿಸಿದ್ದು ಹೆಂಗಸಿನ ಕೈ. ಠಾಣ್ಯದಲ್ಲಿ ಧೂಳು ಜಾಡಿಸಿ, ದರ್ಜೆ ವಿಂಗಡಿಸಿ, ಒತ್ತುಯಂತ್ರದಲ್ಲಿ ಅದುಮಿ ಮೂಟೆ ಕಟ್ಟುತ್ತಿದ್ದರು. ದೋಣಿಯಲ್ಲಿ ಸಾಗಿಸುವ ಮೂಟೆ ಸುಮಾರು 90 ಪೌಂಡು. ದೋಣಿ ಹೋಗದ ಕಡೆ ಆಳುಗಳು ಹಣೆಪಟ್ಟಿ ಕಟ್ಟಿ ಎರಡೆರಡು ಹೊರುತ್ತಿದ್ದರು. ಇಂಗ್ಲೆಂಡಿನ ಹಡಗು ಬರುತ್ತಿದ್ದುದು ಕೊಲ್ಲಿಯ ಹಿಮ ಕರಗಿದ ಕೆಲವೇ ತಿಂಗಳಲ್ಲಿ. ಅಲ್ಲಿಯವರೆಗೆ ಪಸೆ, ಹುಳು, ಇಲಿಗಳಿಂದ ಮೂಟೆ ಕಾಯಬೇಕು.

ಆ ಲೆಕ್ಕದ ಪುಸ್ತಕಗಳು ಈಗ ವಿನ್ನಿಪೆಗ್ ನಗರದ ಪತ್ರಾಗಾರದಲ್ಲಿವೆ. ಕಂಪೆನಿಯ ಅಂಗಡಿಗಳು 2025ರ ಜೂನ್‌ನಲ್ಲಿ ಕೊನೆಗೂ ಬಾಗಿಲು ಹಾಕಿದವು, ಪುಸ್ತಕಗಳು ಉಳಿದವು. ಅವುಗಳಲ್ಲಿ ಸಾಮಾನ್ಯವಾಗಿ ಖಾತೆ ಬೇಟೆಗಾರನ ಹೆಸರಿಗೆ. ಹೆರೆದವಳಿಗೆ ಅಂಕಣವಿಲ್ಲ. ಸಿಲ್ವಿಯಾ ವ್ಯಾನ್ ಕರ್ಕ್ 1980ರಲ್ಲಿ ಈ ಹೆಂಗಸರ ಬಗೆಗೇ ಒಂದು ಗ್ರಂಥ ಬರೆಯುವವರೆಗೆ ಪಂಡಿತರೂ ಅವರನ್ನು ಹೆಚ್ಚು ವಿಚಾರಿಸಿರಲಿಲ್ಲ.

ಆದರೂ ಒಬ್ಬಳು ದಾಖಲೆಗಳೊಳಗೆ ನುಸುಳಿದ್ದಾಳೆ. ಚಿಪೆವ್ಯಾನ್ ಕುಲದ ಆಕೆಯನ್ನು 1713ರಲ್ಲಿ ಕ್ರೀ ಜನ ಸೆರೆಹಿಡಿದಿದ್ದರು. ತಪ್ಪಿಸಿಕೊಂಡು 1714ರಲ್ಲಿ ಯಾರ್ಕ್ ಕೋಟೆ ಸೇರಿದಳು. ಅಲ್ಲಿನ ಅಧಿಕಾರಿ ಜೇಮ್ಸ್ ನೈಟ್ ಮರುವರ್ಷ ಆಕೆಯನ್ನು ಸುಮಾರು 150 ಮಂದಿ ಕ್ರೀಗಳ ಜೊತೆ ಉತ್ತರಕ್ಕೆ ಕಳುಹಿಸಿದ. ಹಸಿವು, ಹಿಮಗಳನ್ನು ದಾಟಿ ಎರಡು ಕುಲಗಳ ನಡುವೆ ಅವಳು ರಾಜಿ ಮಾಡಿಸಿದಳು. ಚರ್ಮ ಹದಮಾಡುವ ರೀತಿಯನ್ನು ತನ್ನವರಿಗೆ ತಿಳಿಸಿದವಳೂ ಅವಳೇ. ಕಳಪೆ ಚರ್ಮ ಮಾರಲು ಬಂದ ಮುದುಕನೊಬ್ಬನ ಮೂಗು ಹಿಡಿದು ಹಿಂದಕ್ಕೆ ತಳ್ಳಿ, ಹೇಳಿದಂಥದನ್ನು ತಾರದಿದ್ದರೆ ವ್ಯಾಪಾರವಿಲ್ಲವೆಂದು ಗದರಿದಳೆಂದು ನೈಟ್ ದಿನಚರಿಯಲ್ಲಿ ಬರೆದಿದ್ದಾನೆ. ಇದನ್ನು ಓದಿದಾಗ ನನಗೆ ನಮ್ಮ ದಾದಿಯೇ ಕಣ್ಣ ಮುಂದೆ ಬಂದಳು.

1717ರ ಫೆಬ್ರವರಿ 5ರಂದು ಆಕೆ ಕಾಯಿಲೆಯಿಂದ ತೀರಿಕೊಂಡಳು. ನೈಟ್ ನಿಜವಾಗಿಯೂ ದುಃಖಪಟ್ಟ. ಆದರೆ ಅವನ ದಿನಚರಿಯಲ್ಲಿ ಅವಳು ಉದ್ದಕ್ಕೂ 'ಗುಲಾಮ ಹೆಂಗಸು'. ಥಾನಡೆಲ್ತುರ್ ಎಂಬ ಹೆಸರನ್ನು ಉಳಿಸಿಕೊಂಡವರು ಅವಳ ಜನ, ಬಾಯಿಂದ ಬಾಯಿಗೆ ಕತೆ ಹೇಳುತ್ತ.