ಎಂಟು ನಕ್ಷತ್ರಲೋಕಗಳ ಕಿರ್ದಿ



ಇತಿಹಾಸವೆಂದರೆ ರಾಜಮಹಾರಾಜರು, ಯುದ್ಧಗಳು, ವೀರಗಲ್ಲುಗಳು ಎಂದು ನಾವು ತಿಳಿದಿರುತ್ತೇವೆ. ಈ ದಿನ ನಾನು ಹೇಳಹೊರಟಿರುವುದು ಎಲ್ಲಿಯೂ ಇಲ್ಲದ ಒಂದು ರಾಜ್ಯದ ಇತಿಹಾಸ. ಅದರಲ್ಲಿ ಎಂಟು ನಕ್ಷತ್ರಲೋಕಗಳು, ಒಂದೊಂದರಲ್ಲಿ 256 ಗ್ರಹಗಳು, ಒಟ್ಟು 2048. ಪ್ರತಿ ಗ್ರಹಕ್ಕೂ ಒಂದು ಹೆಸರುಂಟು, ಒಂದು ಸರಕಾರವುಂಟು, ಪೇಟೆಯ ಧಾರಣೆವಾಸಿಯೂ ಉಂಟು. ಇದನ್ನು ಕಟ್ಟಿದವರು ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಇಬ್ಬರು ಹುಡುಗರು, ಡೇವಿಡ್ ಬ್ರೇಬನ್ ಮತ್ತು ಇಯಾನ್ ಬೆಲ್. ಕಟ್ಟಿದ್ದು ಒಂದು ಗಣಕಯಂತ್ರದ ಆಟಕ್ಕಾಗಿ. ಆಟದ ಹೆಸರು 'ಎಲೀಟ್'. ಅದು ಅಂಗಡಿಗೆ ಬಂದದ್ದು 1984 ರ ಸೆಪ್ಟೆಂಬರ್ 20 ರಂದು.

ಮೆಟ್ರಿಕ್ ಓದಿ ಬ್ಯಾಂಕಿನಲ್ಲಿ ಲೆಡ್ಜರು ತಿರುವಿ ನಿವೃತ್ತನಾದ ಮುದುಕನಿಗೆ ಮಕ್ಕಳಾಟದ ಉಸಾಬರಿ ಯಾಕೆ ಎಂದು ನೀವು ಕೇಳಬಹುದು. ಕೇಳಿರಿ, ತಪ್ಪಿಲ್ಲ. ಈ ಆಟದ ಒಳಗಿನ ಕಥೆ ತಿಳಿದಾಗ ನನಗೆ ಕಂಡದ್ದು ಆಕಾಶನೌಕೆ ಅಲ್ಲ, ಕಿರ್ದಿ ಮತ್ತು ಖತಾವಣಿ. ಅದಕ್ಕೇ ಹೇಳುತ್ತಿದ್ದೇನೆ.

ಮೊದಲು ಯಂತ್ರದ ವಿಷಯ. ಬ್ರಿಟನ್ನಿನ ಬಾನುಲಿ ಸಂಸ್ಥೆಯಾದ ಬಿಬಿಸಿ 1980 ರ ದಶಕದ ಆರಂಭದಲ್ಲಿ ಸಾಮಾನ್ಯ ಜನರಿಗೆ ಗಣಕಯಂತ್ರ ಕಲಿಸಬೇಕೆಂದು ಒಂದು ಯೋಜನೆ ಹಾಕಿತು. ಟಿ.ವಿ.ಯಲ್ಲಿ ಪಾಠ, ಜೊತೆಗೆ ಆ ಪಾಠಕ್ಕೆ ಸರಿಹೊಂದುವ ಒಂದು ಯಂತ್ರ. ಅದನ್ನು ತಯಾರಿಸಿಕೊಟ್ಟದ್ದು ಕೇಂಬ್ರಿಜ್ಜಿನದೇ ಏಕಾರ್ನ್ ಕಂಪನಿ. ಹೆಸರು ಬಿಬಿಸಿ ಮೈಕ್ರೋ. ಪ್ರಸಾರ ಮಾಡುವವರು ಕೇಳುಗರ ಮನೆಯಲ್ಲಿ ಏನು ಬೆಳೆಯಬೇಕೆಂದು ಯೋಚಿಸಿದರೆ ಏನಾಗುತ್ತದೆ ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ. ಆ ಮಾತು ಇರಲಿ. ಈ ಯಂತ್ರದ ಜ್ಞಾಪಕಶಕ್ತಿ 32 ಕಿಲೋಬೈಟ್. ಎಂದರೆ 32,768 ಇಂಗ್ಲಿಷ್ ಅಕ್ಷರಗಳನ್ನು ಹಿಡಿಯುವಷ್ಟು ಜಾಗ. ಇಂದು ನಿಮ್ಮ ಮೊಮ್ಮಗ ಮೊಬೈಲಿನಲ್ಲಿ ತೆಗೆಯುವ ಒಂದು ಫೋಟೋ ಅದರಲ್ಲಿ ಹಿಡಿಸುವುದಿಲ್ಲ. ಆ ಜಾಗದಲ್ಲಿ ಪರದೆಯ ಚಿತ್ರಕ್ಕೇ ಒಂದು ದೊಡ್ಡ ಪಾಲು ಹೋಗುತ್ತಿತ್ತು. ಆಟಕ್ಕೆ ಉಳಿದದ್ದು ಸುಮಾರು 22 ಕಿಲೋಬೈಟ್.

ಆ ಕಾಲದ ಆಟಗಳೆಂದರೆ ಹೇಗಿದ್ದವು? ಆಡುವವನಿಗೆ ಮೂರು ಜೀವ, ಹೊಡೆದಷ್ಟು ಅಂಕ, ಹತ್ತು ನಿಮಿಷದಲ್ಲಿ ಮುಕ್ತಾಯ. ಪೇಟೆಯಲ್ಲಿ ನಾಣ್ಯ ಹಾಕಿ ಆಡುವ ಯಂತ್ರಗಳಿಗೆ ಆ ಲೆಕ್ಕ ಸರಿ, ಬೇಗ ಸೋತರೆ ತಾನೆ ಇನ್ನೊಂದು ನಾಣ್ಯ ಬೀಳುವುದು! ಬ್ರೇಬನ್ ಮತ್ತು ಬೆಲ್ ಮಾಡಿದ ಆಟದಲ್ಲಿ ಅಂಕವೂ ಇಲ್ಲ, ಮೂರು ಜೀವವೂ ಇಲ್ಲ, ಕೊನೆಯೂ ಇಲ್ಲ. ಥಾರ್ನ್ ಇಎಂಐ ಎಂಬ ದೊಡ್ಡ ಕಂಪನಿಗೆ ತೋರಿಸಿದಾಗ ಅವರು ಒಪ್ಪಲಿಲ್ಲ. ಅಂಕ ಬೇಕು, ಜೀವ ಬೇಕು, ಬೇಗ ಮುಗಿಯಬೇಕು ಎಂಬುದೇ ಅವರ ತಕರಾರು. ಕೊನೆಗೆ ಏಕಾರ್ನ್ ಕಂಪನಿಯ ಪ್ರಕಾಶನ ವಿಭಾಗವಾದ ಏಕಾರ್ನ್‌ಸಾಫ್ಟ್ ಆಟವನ್ನು ತೆಗೆದುಕೊಂಡಿತು.

ಈಗ ನನ್ನ ಗುಮಾಸ್ತಬುದ್ಧಿಯ ಲೆಕ್ಕ ಕೇಳಿ. 2048 ಗ್ರಹಗಳಿವೆ. ಹೆಸರು, ಇರುವ ಸ್ಥಾನ, ಸರಕಾರ, ಬೆಳೆ, ಜನಸಂಖ್ಯೆ ಇವೆಲ್ಲಕ್ಕೂ ಸೇರಿಸಿ ಗ್ರಹವೊಂದಕ್ಕೆ ಕೇವಲ 12 ಅಕ್ಷರದ ಜಾಗ ಎಂದು ಹಿಡಿಯಿರಿ. 24,576 ಆಯಿತು. ಒಂದು ಹಡಗೂ ಹಾರುವ ಮೊದಲೇ ಇದ್ದ ಜಾಗವೆಲ್ಲ ತುಂಬಿ ಹೊರಗೆ ಚೆಲ್ಲಿತು. ಹಾಗಾದರೆ ಇವರು ಅದನ್ನೆಲ್ಲ ಎಲ್ಲಿಟ್ಟರು?

ಎಲ್ಲಿಯೂ ಇಡಲಿಲ್ಲ.

ನೀವು ಮುದ್ದತು ಠೇವಣಿ ಇಟ್ಟಿರುತ್ತೀರಿ. ಏಳನೇ ವರ್ಷದ ಮೂರನೇ ತಿಂಗಳಿಗೆ ಬಡ್ಡಿ ಎಷ್ಟಾಗುತ್ತದೆ ಎಂದು ನೀವು ಬಂದು ಕೇಳಿದರೆ ನಾನು ಹೇಳುತ್ತಿದ್ದೆ. ಹಾಗೆಂದು ನಿಮ್ಮ ಖಾತೆಯ ಪ್ರತಿ ತಿಂಗಳ ಬಡ್ಡಿಯನ್ನು ಮೊದಲೇ ಬರೆದಿಟ್ಟಿರುತ್ತಿರಲಿಲ್ಲ. ಅಸಲು, ದರ, ತಾರೀಖು, ಇವಿಷ್ಟಿದ್ದರೆ ಸಾಕು. ಕೇಳಿದಾಗ ಲೆಕ್ಕ ಮಾಡಿದರಾಯಿತು. ಯಾರು ಮಾಡಿದರೂ, ಯಾವಾಗ ಮಾಡಿದರೂ ಅದೇ ಉತ್ತರ. ಆ ಹುಡುಗರು ಮಾಡಿದ್ದೂ ಇದನ್ನೇ. ಗ್ರಹಗಳನ್ನು ಇಡಲಿಲ್ಲ, ಗ್ರಹಗಳನ್ನು ಹುಟ್ಟಿಸುವ ಲೆಕ್ಕವನ್ನು ಇಟ್ಟರು.

ಕೈಯಲ್ಲಿ ಪೆನ್ಸಿಲ್ ಇದ್ದರೆ ಬರೆದುಕೊಳ್ಳಿ. 17, 42, 63. ಮೂರನ್ನೂ ಕೂಡಿಸಿದರೆ 122. ಕೊನೆಯ ಎರಡು ಅಂಕಿ ಮಾತ್ರ ಉಳಿಸಿಕೊಳ್ಳಿ, 22. ಈಗ ಮೊದಲಿನ 17 ನ್ನು ಬಿಟ್ಟು 42, 63, 22 ಕೂಡಿಸಿ. 127, ಎಂದರೆ 27. ಮುಂದಿನದು 12, ಅದರ ಮುಂದಿನದು 61. ನೋಡುವವರಿಗೆ ಈ ಸಂಖ್ಯೆಗಳು ಗೊತ್ತುಗುರಿಯಿಲ್ಲದೆ ಬಂದಂತೆ ಕಾಣುತ್ತವೆ. ಆದರೆ 17, 42, 63 ರಿಂದ ಹೊರಟವರೆಲ್ಲರಿಗೂ 22, 27, 12, 61 ಬಂದೇ ಬರಬೇಕು. ಎಲೀಟ್ ಆಟದ ಮೊದಲ ನಕ್ಷತ್ರಲೋಕ ಹೊರಡುವುದು 23114, 584, 46931 ಎಂಬ ಮೂರು ಸಂಖ್ಯೆಗಳಿಂದ. ಅಲ್ಲಿ ಎರಡಂಕಿಗೆ ಕತ್ತರಿಸುವ ಬದಲು 65,536 ರ ಮಿತಿ, ಅಷ್ಟೇ ವ್ಯತ್ಯಾಸ. ಈ ಕೂಡಿಕೆಯನ್ನು ನಾಲ್ಕು ಸಲ ಮಾಡಿದರೆ ಮುಂದಿನ ಗ್ರಹ ಸಿಗುತ್ತದೆ. ಬಂದ ಸಂಖ್ಯೆಯ ಒಂದು ತುಣುಕು ಸರಕಾರವನ್ನು ಹೇಳುತ್ತದೆ, ಇನ್ನೊಂದು ಬೇಸಾಯವೋ ಕಾರ್ಖಾನೆಯೋ ಎಂಬುದನ್ನು, ಮತ್ತೊಂದು ಹೆಸರನ್ನು.

ಹೆಸರಿನ ವಿಷಯ ನನಗೆ ಬಹಳ ಹಿಡಿಸಿತು. ಸುಮಾರು ಮೂವತ್ತು ಅಕ್ಷರಜೋಡಿಗಳ ಒಂದು ಪಟ್ಟಿ. ನಮ್ಮ ಕಾಗುಣಿತದ ಹಾಗೆ ಅದರಿಂದ ಎರಡೋ ಮೂರೋ ನಾಲ್ಕೋ ಜೋಡಿ ಹೆಕ್ಕಿದರೆ ಒಂದು ಹೆಸರು. ಲಾ ಮತ್ತು ವೆ ಸೇರಿ ಲಾವೆ. ಡಿ ಮತ್ತು ಸೊ ಸೇರಿ ಡಿಸೊ. ಹೀಗೆಯೇ ಲೀಸ್ತಿ, ರೀಡ್‌ಕ್ವಾಟ್. ಇವು ಯಾವ ಭಾಷೆಯ ಶಬ್ದಗಳೂ ಅಲ್ಲ, ಆದರೂ ಯಾವುದೋ ಒಂದೇ ಭಾಷೆಯವು ಎನ್ನಿಸುತ್ತವೆ. ಎರಡು ಭಾಷೆಯಲ್ಲಿ ಬೆಳೆದ ನಮಗೆ ಇದು ಬೇಗ ತಿಳಿಯುತ್ತದೆ: ಊರಿನ ಹೆಸರು ಕಿವಿಗೆ ಬಿದ್ದ ಕೂಡಲೇ ಅದು ಯಾವ ಮಾತಿನವರು ಇಟ್ಟ ಹೆಸರು ಎಂದು ನಾವು ಹೇಳಿಬಿಡುತ್ತೇವಲ್ಲ! ಒಂದು ತಮಾಷೆಯೂ ನಡೆಯಿತು. ಲೆಕ್ಕ ಹುಟ್ಟಿಸಿದ ಹೆಸರುಗಳಲ್ಲಿ ಇಂಗ್ಲಿಷಿನ ಒಂದು ಅಸಭ್ಯ ಪದ ತಾನಾಗಿಯೇ ಬಂದುಬಿಟ್ಟಿತು. ಒಂದು ಹೆಸರು ತಿದ್ದಲು ಬರುವಂತಿಲ್ಲ, ಯಾಕೆಂದರೆ ಹೆಸರನ್ನು ಯಾರೂ ಬರೆದೇ ಇಲ್ಲ. ಹೀಗಾಗಿ ಆ ನಕ್ಷತ್ರಲೋಕವನ್ನೇ ಕೈಬಿಟ್ಟರಂತೆ.

ಇನ್ನು ದೊಡ್ಡ ಪ್ರಶ್ನೆಗೆ ಬರೋಣ. ಈ ಲೆಕ್ಕದಿಂದ ಎಷ್ಟು ನಕ್ಷತ್ರಲೋಕ ಹುಟ್ಟಿಸಬಹುದಿತ್ತು? ಸುಮಾರು 281 ಲಕ್ಷ ಕೋಟಿ. ಹುಡುಗರಿಗೆ ಅಷ್ಟನ್ನೂ ಇಡುವ ಆಸೆಯಿತ್ತು. ಬೇಡ ಎಂದವರು ಏಕಾರ್ನ್‌ಸಾಫ್ಟಿನವರು. ಅಷ್ಟು ಲೋಕಗಳನ್ನು ಕೊಟ್ಟರೆ ಇದೆಲ್ಲ ಬರಿಯ ಗಣಿತ ಎಂಬ ಗುಟ್ಟು ಬಯಲಾಗುತ್ತದೆ ಎಂಬುದು ಅವರ ಅಳುಕು. ಎಂಟಕ್ಕೆ ನಿಲ್ಲಿಸಿದರು. ಈ ಇತಿಹಾಸದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡ ತೀರ್ಮಾನವಾಗಿ ಕಾಣುವುದು ಇದೇ. 281 ಲಕ್ಷ ಕೋಟಿ ಲೋಕಗಳಿದ್ದರೆ ಒಬ್ಬ ಆಟಗಾರ ಕಂಡದ್ದನ್ನು ಇನ್ನೊಬ್ಬ ಕಾಣುವ ಸಂಭವವೇ ಕಡಿಮೆ. ಎಂಟೇ ಇದ್ದುದರಿಂದ, ಎಲ್ಲರೂ ಲಾವೆಯಿಂದಲೇ ಹೊರಡುತ್ತಿದ್ದುದರಿಂದ, ಲಂಡನ್ನಿನ ಹುಡುಗನೂ ಸ್ಕಾಟ್ಲೆಂಡಿನ ಹುಡುಗನೂ ಅದೇ ಲಾವೆಯನ್ನು ಕಂಡರು. ಶಾಲೆಯ ಬಯಲಿನಲ್ಲಿ ನಿಂತು 'ಲೀಸ್ತಿಗೆ ಹೋಗಿದ್ದೆಯಾ, ರೀಡ್‌ಕ್ವಾಟ್‌ನಲ್ಲಿ ದರೋಡೆಯಾಯಿತೆ' ಎಂದು ಮಾತಾಡಿಕೊಳ್ಳಲು ಸಾಧ್ಯವಾಯಿತು. ಇಬ್ಬರು ಒಟ್ಟಿಗೆ ನೆನೆಯಲಾಗದ ಊರು ಊರಲ್ಲ.

ಸರಿ, ಲಾವೆಯಿಂದ ಹೊರಡುವವನ ಕೈಯಲ್ಲಿ ಏನಿರುತ್ತದೆ? ಕೋಬ್ರಾ ಎಂಬ ಒಂದು ಹಡಗು, 20 ಟನ್ ಸರಕಿನ ಕೋಠಿ, ಏಳು ಜ್ಯೋತಿರ್ವರ್ಷ ಓಡುವಷ್ಟು ಇಂಧನ, 100 ನಾಣ್ಯ. ಅಷ್ಟೇ. ಲಾವೆ ಸರ್ವಾಧಿಕಾರಿಯ ಆಡಳಿತದ, ಸಮೃದ್ಧ ಬೇಸಾಯದ ಗ್ರಹ; ವಿಶಾಲ ಮಳೆಕಾಡಿಗೆ ಹೆಸರುವಾಸಿ. ಲೀಸ್ತಿ ಕಾರ್ಖಾನೆಗಳ ಗ್ರಹ. ತೂಕವಿಲ್ಲದ ಜಾಗದಲ್ಲಿ ಆಡುವ ಕ್ರಿಕೆಟ್ಟಿಗೆ ಪ್ರಸಿದ್ಧ! ಹಾಗಾದರೆ ಲಾವೆಯಲ್ಲಿ ಆಹಾರಧಾನ್ಯ ಕೊಂಡು ಲೀಸ್ತಿಯಲ್ಲಿ ಮಾರಬೇಕು, ಲೀಸ್ತಿಯಿಂದ ಗಣಕಯಂತ್ರ ತಂದು ಲಾವೆಯಲ್ಲಿ ಮಾರಬೇಕು. ಇಂಡಿಯ ಪೇಟೆಯಲ್ಲಿ ಜೋಳದ ಧಾರಣೆ ಎಷ್ಟು, ಅಕ್ಕಲಕೋಟೆಯಲ್ಲಿ ಎಷ್ಟು, ಗಾಡಿಬಾಡಿಗೆ ಕಳೆದರೆ ಎಷ್ಟು ಗಿಟ್ಟುತ್ತದೆ ಎಂದು ಬಲ್ಲ ನಮ್ಮ ಅಡತಿಯವರನ್ನು ಕೂರಿಸಿದರೆ ಈ ಆಟವನ್ನು ಒಂದು ಮಧ್ಯಾಹ್ನದಲ್ಲಿ ಕಲಿತಾರು. ಸರಕುಗಳು 17 ಬಗೆ. ಚಿನ್ನ ಕಿಲೋದ ಲೆಕ್ಕ, ರತ್ನ ಗ್ರಾಮಿನ ಲೆಕ್ಕ. ಅರಾಜಕ ಗ್ರಹಗಳ ಬಳಿ ಕಡಲ್ಗಳ್ಳರಂಥವರ ಕಾಟ ಜಾಸ್ತಿ, ಆಡಳಿತ ನೆಟ್ಟಗಿರುವಲ್ಲಿ ಕಡಿಮೆ. ಸರಕಾರ ಎಂಬುದು ಇಲ್ಲಿ ನಾಮಫಲಕದ ಮಾತಲ್ಲ, ದಾರಿಯಲ್ಲಿ ಪ್ರಾಣಕ್ಕೆ ಬರುವ ಸಂಗತಿ.

ಸರಕುಗಳ ಪಟ್ಟಿಯಲ್ಲಿ ಮಾದಕ ವಸ್ತುಗಳೂ ಇವೆ, ಬಂದೂಕುಗಳೂ ಇವೆ, ಗುಲಾಮರೂ ಇದ್ದಾರೆ. ಮನುಷ್ಯರನ್ನು ಧಾನ್ಯದ ಸಾಲಿನಲ್ಲಿ ಬರೆದದ್ದು ನೋಡಿ ನನಗೆ ಕಸಿವಿಸಿಯಾಯಿತು. ಆದರೆ ಆಟ ಅದನ್ನು ಮಾಫಿ ಮಾಡುವುದಿಲ್ಲ. ಈ ಮೂರರಲ್ಲಿ ಯಾವುದನ್ನು ಸಾಗಿಸಿದರೂ ನಿಮ್ಮ ಹೆಸರಿನ ಮುಂದೆ 'ಅಪರಾಧಿ' ಎಂದು ಬೀಳುತ್ತದೆ, ಕೈಮೀರಿದರೆ 'ತಲೆತಪ್ಪಿಸಿಕೊಂಡವ' ಎಂದು. ಪೊಲೀಸು ಹಡಗುಗಳು ಬೆನ್ನಟ್ಟುತ್ತವೆ. ಲೋಕದಿಂದ ಲೋಕಕ್ಕೆ ಹಾರುತ್ತ ಹೋದಂತೆ ಆ ಕಳಂಕ ಸ್ವಲ್ಪಸ್ವಲ್ಪವೇ ತೊಳೆದುಹೋಗುತ್ತದೆ. ಖಾತೆಯಲ್ಲಿ ಬಾಕಿ ಉಳಿಯುವ ಲೋಕ ಇದು. ಒಂದು ಮಾತ್ರ ನನಗೆ ಸರಿಕಾಣಲಿಲ್ಲ. ಎಷ್ಟೇ ಹಣ ಕೂಡಿಸಿದರೂ ದರ್ಜೆ ಏರುವುದು ಹೊಡೆದುರುಳಿಸಿದ ಹಡಗುಗಳ ಲೆಕ್ಕದಿಂದ. 'ನಿರುಪದ್ರವಿ'ಯಿಂದ ಹೊರಟು 'ಎಲೀಟ್' ಎನ್ನಿಸಿಕೊಳ್ಳಲು 6400 ಹಡಗು ಕೆಡವಬೇಕು. ಪ್ರಾಮಾಣಿಕ ವ್ಯಾಪಾರಿಗೂ ಒಂದು ದರ್ಜೆ ಇಡಬಹುದಿತ್ತು.

ಇಷ್ಟಿದ್ದರೂ ಪರದೆಯ ಮೇಲೆ ಕಾಣುತ್ತಿದ್ದುದೇನು? ಕಪ್ಪು ಹಿನ್ನೆಲೆ, ತಂತಿಯಿಂದ ಬಾಗಿಸಿದಂಥ ಗೆರೆಗಳ ಹಡಗುಗಳು, ಗ್ರಹವೆಂದರೆ ಒಂದು ಸುತ್ತು. ಮಳೆಕಾಡನ್ನು ಯಾರೂ ಕಾಣಲಿಲ್ಲ. ಇಲ್ಲಿಯೇ ಈ ಕಥೆಗೆ ಮೂರನೆಯ ಮನುಷ್ಯ ಬರುತ್ತಾನೆ. ರಾಬರ್ಟ್ ಹೋಲ್ಡ್‌ಸ್ಟಾಕ್, 1948 ರಲ್ಲಿ ಹುಟ್ಟಿದ ಇಂಗ್ಲಿಷ್ ಕಾದಂಬರಿಕಾರ. ಆಟದ ಡಬ್ಬಿಯಲ್ಲಿ ಹಾಕಲು ಅವನಿಂದ 'ದಿ ಡಾರ್ಕ್ ವೀಲ್' ಎಂಬ ಕಿರುಕಾದಂಬರಿ ಬರೆಸಿದರು. ತಂದೆಯನ್ನು ಕೊಂದವರನ್ನು ಹುಡುಕಿ ಹೊರಟ ಅಲೆಕ್ಸ್ ರೈಡರ್ ಎಂಬ ಯುವಕನ ಕಥೆ. ಜೊತೆಗೆ ಹಡಗು ನಡೆಸುವವರಿಗೆ ಬೇಕಾದ ಕೈಪಿಡಿಯೊಂದು. ಅದನ್ನು ಆಟದ ವಿವರಣೆಯಂತೆ ಬರೆಯದೆ, ಆ ಲೋಕದ ಇಲಾಖೆಯೊಂದು ಹೊಸಬರಿಗೆ ಕೊಡುವ ಪುಸ್ತಕದಂತೆಯೇ ಬರೆದಿದ್ದರು. ಥಾರ್ಗಾಯ್ಡ್ ಎಂಬ ಕೀಟರೂಪದ ಶತ್ರುಗಳು ಭಯ ಹುಟ್ಟಿಸುವ ಗ್ರಂಥಿಯನ್ನೇ ದೇಹದಿಂದ ತೆಗೆಸಿಕೊಂಡಿದ್ದಾರೆ ಎಂದು ಅದರಲ್ಲಿತ್ತು. ಪರದೆಯಲ್ಲಿ ಥಾರ್ಗಾಯ್ಡ್ ಎಂದರೆ ನಾಲ್ಕಾರು ಗೆರೆಯ ಎಂಟುಮೂಲೆಯ ಹಡಗು. ಆ ಒಂದು ವಾಕ್ಯ ಓದಿದವನಿಗೆ ಆ ಗೆರೆಗಳು ಗೆರೆಗಳಾಗಿ ಉಳಿಯಲಿಲ್ಲ.

ಹೋಲ್ಡ್‌ಸ್ಟಾಕ್ ಇನ್ನೊಂದು ಕೆಲಸ ಮಾಡಿದ. ತನ್ನ ಕಥೆಯಲ್ಲಿ ರಾಕ್ಸ್‌ಲಾ ಎಂಬ ದಂತಕಥೆಯ ಗ್ರಹವನ್ನು ಹೆಸರಿಸಿದ. ಎಲ್ಲಿದೆ ಎಂದು ಹೇಳಲಿಲ್ಲ. 1984 ರ ಆಟದಲ್ಲಿ ರಾಕ್ಸ್‌ಲಾ ಇರಲೇ ಇಲ್ಲ. ಹಾಗೆಯೇ ಕೈಪಿಡಿಯಲ್ಲಿ ತಲೆಮಾರುಗಟ್ಟಲೆ ಪಯಣಿಸುವ ಮಹಾನೌಕೆಗಳ ಪ್ರಸ್ತಾಪವಿತ್ತು, ಅವೂ ಆಟದಲ್ಲಿರಲಿಲ್ಲ. ಹುಡುಗರು ರಾತ್ರಿಗಟ್ಟಲೆ ಹುಡುಕಿದರು. ಇದು ಮೋಸವಲ್ಲವೆ ಎಂದು ನೀವು ಕೇಳಬಹುದು. ನಮ್ಮ ಪ್ರತಿ ಊರಿನ ಗುಡ್ಡದಲ್ಲೂ ಒಂದು ನಿಧಿಯ ಸುದ್ದಿ ಇರುತ್ತದೆ, ಯಾರೂ ಕಂಡವರಿಲ್ಲ. ಆ ಸುದ್ದಿ ಇಲ್ಲದ ಗುಡ್ಡಕ್ಕೆ ದನ ಮೇಯಿಸುವ ಹುಡುಗನೂ ಎರಡನೇ ಸಲ ಹತ್ತುವುದಿಲ್ಲ.

ಮುಂದಿನದನ್ನು ಬೇಗ ಹೇಳುತ್ತೇನೆ. ಆಟ ಬೇರೆಬೇರೆ ಯಂತ್ರಗಳಿಗೆ ಹರಡಿತು. 1993 ರಲ್ಲಿ 'ಫ್ರಾಂಟಿಯರ್' ಎಂಬ ಎರಡನೇ ಭಾಗ ಬಂತು. ಹೋಲ್ಡ್‌ಸ್ಟಾಕ್ 2009 ರಲ್ಲಿ ತೀರಿಕೊಂಡ. 2012 ರಲ್ಲಿ ಬ್ರೇಬನ್ ಜನರಿಂದಲೇ ವಂತಿಗೆ ಎತ್ತಿ 15 ಲಕ್ಷ ಪೌಂಡಿಗೂ ಮೀರಿ ಹಣ ಕೂಡಿಸಿ, 2014 ರ ಡಿಸೆಂಬರಿನಲ್ಲಿ 'ಎಲೀಟ್ ಡೇಂಜರಸ್' ಹೊರತಂದರು. ಈ ಸಲ ನಮ್ಮ ಆಕಾಶಗಂಗೆಯನ್ನೇ ಅದರ ನಿಜವಾದ ಅಳತೆಯಲ್ಲಿ ಕಟ್ಟಿದರು. ಅದರಲ್ಲಿ 40,000 ಕೋಟಿ ನಕ್ಷತ್ರಗಳು. ಲಕ್ಷಾಂತರ ಜನ ವರ್ಷಾನುಗಟ್ಟಲೆ ಅಲೆದ ಮೇಲೂ ಅವರು ಕಂಡದ್ದು ಶೇಕಡಾ ಒಂದಕ್ಕಿಂತ ಬಹಳ ಕಡಿಮೆ. ಕಾಣದೆ ಉಳಿದ ಆ ಆಕಾಶದಲ್ಲಿ ರಾಕ್ಸ್‌ಲಾ ಹುಡುಕುವವರ ಗುಂಪುಗಳೇ ಹುಟ್ಟಿಕೊಂಡವು.

ಆ 40,000 ಕೋಟಿಯ ನಡುವೆ ಲಾವೆ, ಡಿಸೊ, ಲೀಸ್ತಿ, ರೀಡ್‌ಕ್ವಾಟ್ ಇವನ್ನೂ ಒಂದು ಮೂಲೆಯಲ್ಲಿ ಅಕ್ಕಪಕ್ಕ ಇಟ್ಟಿದ್ದಾರೆ. ಹೊಸ ಆಟಗಾರರಿಗೆ ಅಲ್ಲಿಂದಲೇ ಹೊರಡಬೇಕೆಂಬ ಕಟ್ಟಳೆ ಇರಲಿಲ್ಲ. ಆದರೂ ಹಳೆಯ ಆಟ ಆಡಿ ತಲೆ ನರೆತವರು ಮೊದಲು ಹಡಗು ತಿರುಗಿಸಿದ್ದು ಲಾವೆಯ ಕಡೆಗೆ. ಸುತ್ತುತ್ತಿರುವ ನಿಲ್ದಾಣದ ಬಾಗಿಲಿಗೆ ಹಡಗನ್ನು ಸರಿಯಾಗಿ ಹೊಂದಿಸಿ ಒಳಗಿಟ್ಟು, ಧಾನ್ಯದ ಧಾರಣೆ ಎಷ್ಟಿದೆ ಎಂದು ನೋಡಿದರು.