ರಾಜಗೋಪಾಲನಗರ: ಪಾಲಿನ ಶೆಡ್ಡು, ಬಾಡಿಗೆ ಮೇಜು, ದಿನಬಳಕೆಯ ಸೇವೆ

ಬೆಂಗಳೂರಿನ ಪೀಣ್ಯ ಎರಡನೇ ಹಂತ, ಲಗ್ಗೆರೆ, ಹೆಗ್ಗನಹಳ್ಳಿಗಳ ನಡುವೆ ಒತ್ತೊತ್ತಾಗಿ ಬೆಳೆದ ಬಡಾವಣೆ ರಾಜಗೋಪಾಲನಗರ. ದಾಸರಹಳ್ಳಿ ವಿಧಾನಸಭಾ ಕ್ಷೇತ್ರಕ್ಕೆ ಸೇರಿದೆ, ಪಿನ್‌ಕೋಡ್ 560058. ಪೀಣ್ಯ ಕೈಗಾರಿಕಾ ಪ್ರದೇಶ 1970ರ ದಶಕದಿಂದ ಹಬ್ಬುತ್ತ ಹೋದಂತೆ, ಅಲ್ಲಿ ದುಡಿಯುವವರಿಗೆ ಮನೆ ಬೇಕಾಯಿತು, ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗ ಮಾಡಿಕೊಡುವವರಿಗೆ ಜಾಗ ಬೇಕಾಯಿತು. ಎರಡನ್ನೂ ಒಂದೇ ಬೀದಿಯಲ್ಲಿ ಒದಗಿಸಿದ ಊರು ಇದು. ಕೆಳಗೆ ಲೇತ್ ತಿರುಗುತ್ತಿದ್ದರೆ ಮೇಲಿನ ಮಹಡಿಯಲ್ಲಿ ಮಗು ಪರೀಕ್ಷೆಗೆ ಓದುತ್ತಿರುತ್ತದೆ.

ಹಂಚಿಕೊಂಡು ದುಡಿಯುವುದು ಇಲ್ಲಿ ಹಳೆಯ ವಿಷಯ

ಕೋವರ್ಕಿಂಗ್ ಎಂದರೆ ಗಾಜಿನ ಗೋಡೆ, ಕಾಫಿ ಮಷೀನು, ಲ್ಯಾಪ್‌ಟಾಪು ಎಂಬ ಚಿತ್ರ ನಮ್ಮ ತಲೆಯಲ್ಲಿದೆ. ಆ ಪದ್ಧತಿ 2005ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಶುರುವಾಯಿತೆಂದು ಸಾಮಾನ್ಯವಾಗಿ ಹೇಳುತ್ತಾರೆ. ರಾಜಗೋಪಾಲನಗರದ ಶೆಡ್ಡುಗಳಲ್ಲಿ ಇದರ ಇನ್ನೊಂದು ರೂಪ ಯಾವ ಹೆಸರಿನ ಹಂಗೂ ಇಲ್ಲದೆ ನಡೆದು ಬಂದಿದೆ. ಒಬ್ಬರು ಶೆಡ್ ಹಿಡಿಯುತ್ತಾರೆ. ಇನ್ನೊಬ್ಬರು ಅದರ ಒಂದು ಮೂಲೆಗೆ ತಮ್ಮ ಲೇತನ್ನೋ ಡ್ರಿಲ್ಲಿಂಗ್ ಮಷೀನನ್ನೋ ತಂದಿಟ್ಟು ಬಾಡಿಗೆಯಲ್ಲಿ ಪಾಲು ಕೊಡುತ್ತಾರೆ. ಕಂಪ್ರೆಸರ್ ಒಂದೇ, ಶಟರ್ ಒಂದೇ, ಟಾಟಾ ಏಸ್ ನಿಲ್ಲಿಸುವ ಜಾಗವೂ ಒಂದೇ. ಒಬ್ಬರಿಗೆ ಆರ್ಡರ್ ಹೆಚ್ಚಾದಾಗ ಪಕ್ಕದವರಿಗೆ ಜಾಬ್‌ವರ್ಕ್ ಸಿಗುತ್ತದೆ. ನನ್ನ ಮಟ್ಟಿಗೆ ನಗರದ ಕೋವರ್ಕಿಂಗ್ ಕಂಪನಿಗಳು ‘ಕಮ್ಯುನಿಟಿ’ ಎಂದು ಹೇಳಿ ಮಾರುವ ಸಂಗತಿ ಇದೇ.

ಇಂಥ ಮೂಲೆ ಹುಡುಕುವವರು ಚದರಡಿ ಕೇಳುವ ಮೊದಲು ಕರೆಂಟು ಕೇಳಬೇಕು. ತ್ರೀ ಫೇಸ್ ಇದೆಯೇ, ಮಂಜೂರಾದ ಲೋಡ್ ಎಷ್ಟು ಎಚ್‌ಪಿ, ಅದರಲ್ಲಿ ಈಗಾಗಲೇ ಎಷ್ಟು ಬಳಕೆಯಾಗುತ್ತಿದೆ? ಎರಡು ಮೋಟಾರು ಒಟ್ಟಿಗೆ ಶುರುವಾದಾಗ ಟ್ರಿಪ್ ಆಗುವ ಶೆಡ್ಡಿನಲ್ಲಿ ಬಾಡಿಗೆ ಎಷ್ಟು ಅಗ್ಗವಾದರೂ ಪ್ರಯೋಜನವಿಲ್ಲ. ಮಂಜೂರಾತಿ ಮೀರಿದರೆ ಬೆಸ್ಕಾಂ ದಂಡವೂ ಬಿಲ್ಲಿನಲ್ಲೇ ಬರುತ್ತದೆ. ಆಮೇಲೆ ಸಬ್‌ಮೀಟರ್: ಅದಿಲ್ಲದಿದ್ದರೆ ತಿಂಗಳ ಕೊನೆಗೆ ಜಗಳ ಖಂಡಿತ. ಪ್ಲೇಟಿಂಗ್, ಆ್ಯಸಿಡ್ ತೊಟ್ಟಿಯಂಥ ಕೆಲಸಕ್ಕೆ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪತ್ರ ಬೇಕು. ಅದಿಲ್ಲದವರ ಜೊತೆ ಜಾಗ ಹಂಚಿಕೊಂಡರೆ, ಬೀಗ ಬಿದ್ದ ದಿನ ನಿಮ್ಮ ಮಷೀನೂ ಒಳಗೇ ಉಳಿಯುತ್ತದೆ.

ಕಾಗದಪತ್ರ

ಬಾಯಿಮಾತಿನ ಕರಾರು ಇಲ್ಲಿ ಸಾಮಾನ್ಯ. ಆದರೆ ಜಿಎಸ್‌ಟಿ ನೋಂದಣಿಗೆ ಬಾಯಿಮಾತು ಸಾಲದು. ಜಾಗ ಹಂಚಿಕೊಂಡವರು ಮಾಲೀಕರ ಒಪ್ಪಿಗೆ ಪತ್ರದ ಜೊತೆ ಕರೆಂಟು ಬಿಲ್ಲು ಅಥವಾ ತೆರಿಗೆ ರಸೀದಿಯನ್ನು ಅರ್ಜಿಯೊಂದಿಗೆ ಕೊಡಬೇಕು. ಬಾಡಿಗೆದಾರರೇ ಒಳಬಾಡಿಗೆಗೆ ಕೊಡುತ್ತಿದ್ದರೆ ಮೂಲ ಕರಾರಿನಲ್ಲಿ ಅದಕ್ಕೆ ಅವಕಾಶವಿದೆಯೇ ಎಂದು ಓದಿ ನೋಡಿ. ಜಾಬ್‌ವರ್ಕಿಗೆ ಬಂದ ಕಚ್ಚಾ ಸಾಮಗ್ರಿ 1 ವರ್ಷದೊಳಗೆ ಕಳಿಸಿದವರಿಗೆ ಮರಳಬೇಕೆಂಬುದು ಜಿಎಸ್‌ಟಿ ಕಾಯ್ದೆಯ 143ನೇ ಕಲಂ. ಡೈ, ಜಿಗ್, ಫಿಕ್ಸ್ಚರುಗಳಿಗೆ ಈ ಗಡುವಿಲ್ಲ. ಚಲನ್ ಇಲ್ಲದೆ ಮಾಲು ಗೇಟು ದಾಟಿಸಬೇಡಿ. ಸಣ್ಣ ಉದ್ದಿಮೆಗಳ ಉದ್ಯಮ್ ನೋಂದಣಿ 2020ರ ಜುಲೈ 1ರಿಂದ ಜಾರಿಯಲ್ಲಿದೆ. ಸರ್ಕಾರಿ ಪೋರ್ಟಲಿನಲ್ಲಿ ಅದು ಪೂರ್ತಿ ಉಚಿತ. ಸೈಬರ್ ಸೆಂಟರಿನವರು ಟೈಪಿಂಗಿಗೆ ನೂರಿನ್ನೂರು ಕೇಳಿದರೆ ಸರಿ. ‘ಸರ್ಕಾರಿ ಶುಲ್ಕ’ ಎಂದರೆ ಎದ್ದು ಬನ್ನಿ.

ಲ್ಯಾಪ್‌ಟಾಪಿನವರಿಗೆ

ಅಕೌಂಟ್ಸ್, ಕ್ಯಾಡ್ ಡ್ರಾಯಿಂಗ್, ಸಾಫ್ಟ್‌ವೇರ್ ಕೆಲಸ ಮಾಡುವವರು ಫೋನಿನ ನಕ್ಷೆಯಲ್ಲಿ ಕೋವರ್ಕಿಂಗ್ ಹುಡುಕಿದರೆ ಅದು ಹೆಚ್ಚಾಗಿ ಯಶವಂತಪುರ, ರಾಜಾಜಿನಗರ, ಮಲ್ಲೇಶ್ವರದ ಕಡೆಗೇ ಕರೆದೊಯ್ಯುತ್ತದೆ. ಮೆಟ್ರೋದ ಹಸಿರು ಮಾರ್ಗ ಈ ಮೂರನ್ನೂ ಪೀಣ್ಯಕ್ಕೆ ಜೋಡಿಸುತ್ತದೆ. ಸಂಪಿಗೆ ರಸ್ತೆಯಿಂದ ಪೀಣ್ಯ ಇಂಡಸ್ಟ್ರಿವರೆಗಿನ ಭಾಗ 2014ರ ಮಾರ್ಚ್ 1ರಂದು ಶುರುವಾಯಿತು. 2024ರ ನವೆಂಬರಿನಿಂದ ರೈಲು ಮಾದಾವರದವರೆಗೂ ಹೋಗುತ್ತದೆ. ನಿಲ್ದಾಣಗಳಿರುವುದು ತುಮಕೂರು ರಸ್ತೆಯ ಮೇಲೆ. ಬಡಾವಣೆಯಿಂದ ಅಲ್ಲಿಗೆ ತಲುಪಲು ಬಿಎಂಟಿಸಿ ಬಸ್ಸು ಅಥವಾ ಆಟೋ ಬೇಕೇ ಬೇಕು; ಲಾರಿಗಳ ಸಾಲಿನಲ್ಲಿ ಸಿಕ್ಕಿಕೊಂಡರೆ ಮೆಟ್ರೋದಲ್ಲಿ ಉಳಿಸಿದ ಹೊತ್ತು ಅಲ್ಲೇ ಹೋಗುತ್ತದೆ.

ಮೇಜಿನ ಬಾಡಿಗೆಗೆ ಶೇ. 18 ಜಿಎಸ್‌ಟಿ ಸೇರುತ್ತದೆ, ಫಲಕದಲ್ಲಿ ಕಾಣುವ ದರ ಬಹಳ ಸಲ ಅದಿಲ್ಲದ್ದು. ಮೀಟಿಂಗ್ ರೂಮು ತಿಂಗಳಿಗೆ ಎಷ್ಟು ಗಂಟೆ, ಕರೆಂಟು ಹೋದರೆ ಜನರೇಟರ್ ಎಸಿಗೂ ಇದೆಯೋ ಬರೀ ದೀಪಕ್ಕೋ, ಕಂಪನಿ ವಿಳಾಸವಾಗಿ ಬಳಸಲು ಪತ್ರ ಕೊಡುತ್ತಾರೋ ಎಂಬುದನ್ನು ಮುಂಗಡ ಕೊಡುವ ಮೊದಲೇ ಕೇಳಿಕೊಳ್ಳಿ. ಒಂದು ದಿನದ ಪಾಸ್ ತೆಗೆದುಕೊಂಡು ಕೂತು ನೋಡುವುದು ಒಳ್ಳೆಯದು. ಬಡಾವಣೆಯೊಳಗೇ ಇರಬೇಕೆಂದರೆ ಮುಖ್ಯರಸ್ತೆಯ ಅಂಗಡಿಗಳ ಮೇಲಿನ ಮಹಡಿಯಲ್ಲಿ ಸಣ್ಣ ಕೋಣೆ ಹಿಡಿದು ಇಬ್ಬರು ಮೂವರು ಹಂಚಿಕೊಳ್ಳುವುದೇ ಲೆಕ್ಕಕ್ಕೆ ಸರಿಹೋಗುತ್ತದೆ. ಬೀದಿ ಕಡೆಯ ಕಿಟಕಿ ಬೇಡ: ಫೋನಿನಲ್ಲಿ ಎದುರಿನವರಿಗೆ ನಿಮಗಿಂತ ಗ್ರೈಂಡಿಂಗ್ ಸದ್ದೇ ಚೆನ್ನಾಗಿ ಕೇಳಿಸುತ್ತದೆ.

ಸೇವೆ ಹುಡುಕುವ ಬಗೆ

ಫೋನಿನ ನಕ್ಷೆಗೆ ಇಲ್ಲಿ ಒಂದು ತೊಡಕಿದೆ. ಖಾಸಗಿ ಬಡಾವಣೆಗಳು ಒಂದಕ್ಕೊಂದು ಅಂಟಿಕೊಂಡು ಬೆಳೆದದ್ದರಿಂದ ಅದೇ ನಂಬರಿನ ಕ್ರಾಸು ನಾಲ್ಕು ಹೆಜ್ಜೆಯಲ್ಲಿ ಮತ್ತೆ ಸಿಗಬಹುದು. ಸ್ಥಳೀಯರು ದೇವಸ್ಥಾನ, ಶಾಲೆ, ಬೇಕರಿ, ಪೊಲೀಸ್ ಠಾಣೆ ಹೇಳಿಯೇ ದಾರಿ ತೋರಿಸುತ್ತಾರೆ. ಕರೆಂಟು ಕಂಬಗಳನ್ನೂ ಓದಿ. ‘ಹೆಲ್ಪರ್ ಬೇಕು’, ‘ಟೈಲರ್ ಬೇಕು, ಪಿಎಫ್ ಇಎಸ್‌ಐ ಇದೆ’, ‘ಮನೆ ಬಾಡಿಗೆಗೆ’ ಎಂಬ ಚೀಟಿಗಳು ಒಂದರ ಮೇಲೊಂದು ಅಂಟಿರುತ್ತವೆ. ಮೇಲಿನ ಪದರದ್ದಕ್ಕೆ ಮಾತ್ರ ಫೋನ್ ಮಾಡಿದರೆ ಸಾಕು. ಮೋಟಾರ್ ವೈಂಡಿಂಗ್, ಗ್ಯಾಸ್ ಸ್ಟವ್ ರಿಪೇರಿ, ಪ್ಲಂಬರ್ ಬೇಕಾದರೆ ಹಾರ್ಡ್‌ವೇರ್ ಅಂಗಡಿಯವರನ್ನು ಕೇಳಿ. ಯಾರ ಕೆಲಸ ಬಾಳಿಕೆ ಬರುತ್ತದೆ, ಯಾರದು ಬರುವುದಿಲ್ಲ ಎಂಬುದು ವಾಪಸ್ ಬರುವ ಸಾಮಾನಿನಿಂದ ಅವರಿಗೆ ಗೊತ್ತಿರುತ್ತದೆ.

ಪಾಳಿಯ ಗಡಿಯಾರಕ್ಕೆ ಹೊಂದಿಕೊಂಡ ಊರು ಇದು. ಗಾರ್ಮೆಂಟ್ಸ್ ಬಿಟ್ಟ ಹೊತ್ತಿಗೆ ತರಕಾರಿ ಗಾಡಿಗಳು ಮುಖ್ಯರಸ್ತೆಗೆ ಬರುತ್ತವೆ, ಭಾನುವಾರ ಕ್ಷೌರದಂಗಡಿಯಲ್ಲಿ ಕಾಯಲೇಬೇಕು. ತಿಂಗಳ ಸಂಬಳ 21,000 ರೂಪಾಯಿ ಒಳಗಿರುವವರಿಗೆ, ಕಾರ್ಖಾನೆ ನೋಂದಾಯಿಸಿದ್ದರೆ, ಇಎಸ್‌ಐ ಸೌಲಭ್ಯವಿದೆ: ಕಾರ್ಮಿಕರ ಪಾಲು ಶೇ. 0.75, ಮಾಲೀಕರದು ಶೇ. 3.25. ತುರ್ತಿಲ್ಲದಿದ್ದರೆ ಮೊದಲು ನಿಮ್ಮ ಕಾರ್ಡಿನಲ್ಲಿ ನಮೂದಾದ ಇಎಸ್‌ಐ ಚಿಕಿತ್ಸಾಲಯ. ಅಲ್ಲಿಂದ ಪೀಣ್ಯ ಅಥವಾ ರಾಜಾಜಿನಗರದ ಇಎಸ್‌ಐ ಆಸ್ಪತ್ರೆಗೆ ಚೀಟಿ. ಸರ್ಕಾರಿ ಬಿಲ್ಲು, ಅರ್ಜಿಗಳಿಗೆ 2005ರಿಂದ ನಡೆಯುತ್ತಿರುವ ಬೆಂಗಳೂರು ಒನ್ ಕೇಂದ್ರಗಳಿವೆ. ಕರೆಂಟಿಗೆ 1912, ನೀರು ಒಳಚರಂಡಿಗೆ 1916.

ಖಾತೆಯ ವಿಷಯದಲ್ಲಿ ಎಚ್ಚರ ಬೇಕು. ದಾಸರಹಳ್ಳಿ ನಗರಸಭೆ ಬಿಬಿಎಂಪಿಗೆ ಸೇರಿದ್ದು 2007ರಲ್ಲಿ. ಈ ಭಾಗದಲ್ಲಿ ಕಂದಾಯ ನಿವೇಶನ, ಬಿ ಖಾತೆಗಳು ಬಹಳ. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾಗಿವೆ. ಅಂಗಡಿ ಹಾಕುವವರು ಟ್ರೇಡ್ ಲೈಸೆನ್ಸಿಗೆ ಅಲೆಯುವ ಮೊದಲು ಕಟ್ಟಡದ ಇತ್ತೀಚಿನ ತೆರಿಗೆ ರಸೀದಿ ಕೇಳಿ ಪಡೆದರೆ ಯಾವ ಕಚೇರಿಗೆ ಹೋಗಬೇಕೆಂಬುದು ತಿಳಿಯುತ್ತದೆ.

ನೀರು

ಪೀಣ್ಯದ ಅಂತರ್ಜಲದಲ್ಲಿ ಪ್ಲೇಟಿಂಗ್ ಘಟಕಗಳಿಂದ ಇಳಿದ ಕ್ರೋಮಿಯಂ ಇರುವುದು ಅಧ್ಯಯನಗಳಲ್ಲಿ ದಾಖಲಾಗಿದೆ. ಕ್ರೋಮಿಯಂ ಕುದಿಸಿದರೆ ಹೋಗುವಂಥದ್ದಲ್ಲ. ಹಾಗಾಗಿ ಕೊಳವೆಬಾವಿ ನೀರು ನೆಲ ಒರೆಸಲಿಕ್ಕೆ ಮಾತ್ರ ಇರಲಿ. ಅಡುಗೆಗೂ ಕುಡಿಯಲೂ ಕಾವೇರಿ ಅಥವಾ ಶುದ್ಧ ನೀರಿನ ಘಟಕದ ಕ್ಯಾನು. ಮನೆಯಾಗಲಿ ಕೆಲಸದ ಕೋಣೆಯಾಗಲಿ, ಅಡ್ವಾನ್ಸ್ ಕೊಡುವ ಮೊದಲು ಕಾವೇರಿ ಯಾವ ದಿನ, ಎಷ್ಟು ಹೊತ್ತು ಬರುತ್ತದೆ ಎಂದು ವಿಚಾರಿಸಿ. ಮಾಲೀಕರನ್ನಲ್ಲ, ಪಕ್ಕದ ಮನೆಯ ಬಾಡಿಗೆದಾರರನ್ನು.