ಕಾಯಿನ್ ಸರಿಸಿದವರು ಯಾರು?

ಹಾಸ್ಟೆಲ್‌ನಾಗ ಇದ್ದವರಿಗೆ ಈ ಆಟ ಗೊತ್ತಿರತೈತಿ. ಹಾಳೆ ಮೇಲೆ ಎ ಇಂದ ಝಡ್ ತನಕ ಅಕ್ಷರ, ಒಂದು ಕಡೆ ಯೆಸ್, ಇನ್ನೊಂದು ಕಡೆ ನೋ, ನಡುವ ಒಂದು ಕಾಯಿನ್. ಮೂರು ಮಂದಿ ಬೆರಳಿಟ್ಟು ಆತ್ಮ ಕರೀತಾರ. ಕಾಯಿನ್ ಸರೀತೈತಿ. ಆಮ್ಯಾಲೆ ರಾತ್ರಿಯೆಲ್ಲಾ ಯಾರಿಗೂ ನಿದ್ದಿ ಇಲ್ಲ!

ಇದು ಹಳೇ ಮಂತ್ರ-ತಂತ್ರ ಅಂತ ತಿಳಕೊಂಡಿದ್ರ ಕೇಳ್ರಿ. ನಮ್ಮ ಗೋಕಾಕ ಫಾಲ್ಸ್ ಗಿರಣಿ ನೀರಿನ ಬಲದಿಂದ ತಿರುಗಾಕ ಹತ್ತಿದ್ದು 1880ರ ದಶಕದಾಗ. ಅದರ ಬೆನ್ನಿಗೇ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಓಯಿಜಾ ಬೋರ್ಡ್ ಹುಟ್ಟಿತು. ಎಲೈಜಾ ಬಾಂಡ್ ಎಂಬ ವಕೀಲನಿಗೆ 1891ರ ಫೆಬ್ರುವರಿ 10ರಂದು ಪೇಟೆಂಟ್ ಸಿಕ್ಕಿತು. ಅದರಾಗ ಇದಕ್ಕ ಕೊಟ್ಟ ಹೆಸರು ಏನು ಗೊತ್ತೇನ್ರಿ? ‘ಆಟಿಕೆ ಅಥವಾ ಆಟ’.

ಹಂಗಾದ್ರ ಜನ ಯಾಕ ನಂಬಿದ್ರು? 1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಲ್ಲಿ 6 ಲಕ್ಷಕ್ಕೂ ಹೆಚ್ಚು ಸೈನಿಕರು ಸತ್ತಿದ್ದರು. ಎಷ್ಟೋ ತಾಯಂದಿರಿಗೆ ಮಗನ ಹೆಣಾನೂ ಸಿಕ್ಕಿರಲಿಲ್ಲ. ಅವನ ಒಂದು ಮಾತಾದ್ರೂ ಕೇಳಬೇಕು ಅನ್ನೋ ಸಂಕಟ ಅದು. ಅದನ್ನ ನೋಡಿ ನಗಬ್ಯಾಡ್ರಿ. ನಮ್ಮ ದೇಶದಾಗ ರವೀಂದ್ರನಾಥ ಟ್ಯಾಗೋರರೂ 1929ರಲ್ಲಿ ಒಬ್ಬ ಯುವತಿಯ ಮೂಲಕ ತೀರಿಹೋದ ತಮ್ಮವರ ಜೊತೆ ಮಾತಾಡಲು ಪ್ರಯತ್ನಿಸಿದ್ದರು.

ಆದ್ರ ಸರಿಸೋದು ಯಾರು? ಉತ್ತರ ಬೋರ್ಡ್‌ಗಿಂತ 38 ವರ್ಷ ಹಳೇದು. ಆಗ ಲಂಡನ್‌ನಲ್ಲಿ ಆತ್ಮಗಳು ಮೇಜು ತಿರುಗಿಸ್ತಾವ ಅನ್ನೋ ಹುಚ್ಚು ಹಬ್ಬಿತ್ತು. 1853ರಲ್ಲಿ ವಿಜ್ಞಾನಿ ಮೈಕೆಲ್ ಫ್ಯಾರಡೆ ಮೇಜಿನ ಮೇಲೆ ರಟ್ಟಿನ ಪದರಗಳನ್ನಿಟ್ಟು, ನಡುವೆ ಮೆತ್ತನೆ ಅಂಟು ಹಚ್ಚಿ, ಮೇಲೆ ಕೈ ಇಡಿಸಿದ. ಮೇಜು ತಾನೇ ಸರಿದಿದ್ರ ಕೆಳಗಿನ ರಟ್ಟು ಮೊದಲು ಸರೀಬೇಕಿತ್ತು. ಸರಿದಿದ್ದು ಕೈ ಕೆಳಗಿನ ರಟ್ಟು! ಅಂದ್ರ ತಳ್ಳಿದ್ದು ಕೈ. ಕೈಯ ಅಲುಗಾಟ ತೋರಿಸೋ ಮುಳ್ಳನ್ನ ಅವರ ಕಣ್ಣೆದುರು ಇಟ್ಟ ಕೂಡಲೇ ಮೇಜು ತಿರುಗೋದೇ ನಿಂತಿತು.

ಅವರು ಸುಳ್ಳು ಹೇಳಿರಲಿಲ್ಲ. ಮನಸ್ಸಿನಾಗ ನಿರೀಕ್ಷೆ ಇದ್ರ ಸ್ನಾಯು ನಮಗ ಗೊತ್ತಿಲ್ಲದಂಗ ಅಲುಗತೈತಿ. ಕಾಯಿನ್ ಕಥಿನೂ ಅದೇ. ಅದಕ್ಕೇ ಎಲ್ಲಾರೂ ಖರೇನೇ “ನಾ ತಳ್ಳಿಲ್ಲ” ಅಂತಾರ. ಕಣ್ಣಿಗೆ ಬಟ್ಟೆ ಕಟ್ಟಿ, ಹಾಳೆ ತಿರುಗಿಸಿ ಇಟ್ಟು ನೋಡ್ರಿ: ಆತ್ಮಕ್ಕ ಸ್ಪೆಲ್ಲಿಂಗ್ ಮರೆತು ಹೋಗತೈತಿ.

ಇಷ್ಟೆಲ್ಲಾ ಯಾಕ ಬರೆದೆ ಅಂದ್ರ, ಕಾಯಿನ್ ಯಾರದೋ ಹೆಸರು ತೋರಿಸಿ “ಸಾಯ್ತಾರ” ಅಂದಾಗ ಆ ಹುಡುಗ ಅಥವಾ ಹುಡುಗಿ ವಾರಗಟ್ಟಲೆ ಒಳಗೊಳಗೇ ನಡುಗ್ತಾರ. ನಿಮ್ಮ ರೂಮಿನಾಗ ಹಂಗ ಹೆದರಿದವರು ಇದ್ರ, ಇದನ್ನ ಓದಿ ಹೇಳ್ರಿ. ಅವತ್ತು ರಾತ್ರಿ ಜೊತೆಗೆ ಕೂಡ್ರಿ.

#ಗೋಕಾಕಫಾಲ್ಸ್ #ಹಳೇಕಥಿ